ಕೆರೆಯ ಕನ್ನಡಿ, ಅಳಿವೆಯ ಕೆಸರು

ಅಮೆರಿಕದ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಡೆಶೂಟ್ಸ್ ನದಿಯ ಅಳಿವೆಗೆ 1951ರಲ್ಲಿ ಅಣೆಕಟ್ಟು ಕಟ್ಟಿ, ಶಾಸನಭವನದ ಗುಮ್ಮಟ ನೀರಿನಲ್ಲಿ ಪ್ರತಿಬಿಂಬಿಸಲೆಂದು ‘ಕ್ಯಾಪಿಟಲ್ ಲೇಕ್’ ಎಂಬ ಸರೋವರವನ್ನು ನಿರ್ಮಿಸಿದರು. ವರ್ಷವರ್ಷವೂ ಹೂಳು ತುಂಬುತ್ತಿದ್ದ ಆ ನೀರಿನಲ್ಲಿ 2009ರಲ್ಲಿ ನ್ಯೂಜಿಲೆಂಡ್ ಮೂಲದ ಪುಟ್ಟ ಬಸವನಹುಳು ಕಂಡುಬಂದ ಮೇಲೆ, ಅದು ಬೇರೆಡೆ ಹರಡದಿರಲೆಂದು ಜನರು ನೀರಿಗಿಳಿಯುವುದನ್ನೇ ನಿಷೇಧಿಸಲಾಯಿತು. 2022ರ ಅಂತಿಮ ಪರಿಸರ ವರದಿಯು ಅಣೆಕಟ್ಟು ತೆಗೆದು ಅಳಿವೆಯನ್ನು ಮರಳಿ ತರುವುದೇ ಸೂಕ್ತವೆಂದಿತು. ಉಬ್ಬರ ಇಳಿತಗಳ ಅಂತರ ನಾಲ್ಕು ಮೀಟರಿಗೂ ಹೆಚ್ಚಿರುವ ಆ ಊರಿನಲ್ಲಿ ನೀರು ಇಳಿದಾಗ ಕೆಸರು ಬಯಲಾಗುತ್ತದೆ ಎಂಬುದು ಕೆರೆಯ ಪರವಾಗಿರುವವರ ದೊಡ್ಡ ಆಕ್ಷೇಪ.

ನೇತ್ರಾವತಿ ಮತ್ತು ಫಲ್ಗುಣಿ ಒಂದೇ ಅಳಿವೆಯಲ್ಲಿ ಕಡಲು ಸೇರುವ ಮಂಗಳೂರಿನವನಾದ ನನಗೆ ಆ ಕೆಸರಿನ ಮೇಲಿನ ದೂರು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಮರುವಾಯಿ (ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪುಜೀವಿ) ಹೆಕ್ಕುವವರು ಕಾಯುವುದೇ ಇಳಿತಕ್ಕೆ. ಕಡಲಿನಲ್ಲಿ ಹುಟ್ಟುವ ಸಿಗಡಿಯ ಮರಿಗಳು ಬೆಳೆಯಲು ಒಳಗೆ ಬರುವುದೂ, ಕಾಣೆ ಮೀನು ಮೇಯುವುದೂ ಈ ಸವುಳು ನೀರಿನಲ್ಲೇ. ಕಣ್ಣಿಗೆ ಕಾಣದ ಇನ್ನೊಂದು ಲಾಭವೂ ಇದೆ. ಎಲೆ, ಕಸ, ಚರಂಡಿ ನೀರು ಸೇರಿ ಕೊಳೆಯುವ ಸಿಹಿನೀರಿನ ಕೆರೆಯ ತಳದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಅನಿಲ ಹುಟ್ಟುತ್ತದೆ; ಕಡಲಿನ ಉಪ್ಪುನೀರಿನಲ್ಲಿರುವ ಸಲ್ಫೇಟ್ ಬಳಸಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುವ ಜೀವಿಗಳಿಗೆ ಎಡೆಗೊಡುವುದಿಲ್ಲವಾದ್ದರಿಂದ, ಉಪ್ಪು ಚೆನ್ನಾಗಿರುವ ಅಳಿವೆಯ ಕೆಸರು ಅಷ್ಟು ಮೀಥೇನ್ ಬಿಡದೆಯೇ ಇಂಗಾಲವನ್ನು ಬಹುಕಾಲ ಹೂತಿಟ್ಟುಕೊಳ್ಳುತ್ತದೆ.

ಹಾಗೆಂದು ಕೆರೆಗಳನ್ನು ಕಡೆಗಣಿಸುವಂತಿಲ್ಲ. ಮಂಗಳೂರಿನ ಗುಜ್ಜರಕೆರೆ, ಕಾವೂರು ಕೆರೆ, ಮಣಿಪಾಲದ ಮಣ್ಣಪಳ್ಳ ಕೆರೆ ಇವು ಯಾವ ನದಿಯ ಬಾಯನ್ನೂ ಕಟ್ಟಿಲ್ಲ. ವರ್ಷದ ಮಳೆಯೆಲ್ಲ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಕಡಲಿಗೆ ಓಡುವ ಈ ಮುರಕಲ್ಲಿನ ನಾಡಿನಲ್ಲಿ, ಸುತ್ತಲಿನ ಬಾವಿಗಳಿಗೆ ನೀರು ಇಂಗಿಸುವ ಕೆಲಸವನ್ನು ಅಳಿವೆ ಮಾಡಲಾರದು. ಅದರ ದಡದ ಬಾವಿಗಳು ಬೇಸಗೆಯಲ್ಲಿ ಉಪ್ಪಾಗುತ್ತವೆ. ಇಂತಹ ಕೆರೆಯ ಬೆಲೆಯನ್ನು ಅಲ್ಲಿನ ಬಾವಿಗಳಲ್ಲಿ ಅಳೆಯಬೇಕೇ ಹೊರತು ನಡಿಗೆಪಥದ ಉದ್ದದಲ್ಲಲ್ಲ. (ಕೆರೆ ಅಭಿವೃದ್ಧಿಯೆಂದರೆ ಸುತ್ತಲೂ ಕಾಂಕ್ರೀಟ್ ಗೋಡೆ ಎಂದು ತಿಳಿದವರಿಗೆ ಇದು ರುಚಿಸಲಾರದು.) ಆದರೆ ಅಳಿವೆಯನ್ನು ಮುಚ್ಚಿ ಮಾಡಿದ ಕೆರೆ ಬೇರೆಯೇ ಲೆಕ್ಕ. ಅಲ್ಲಿ ದಿನಕ್ಕೆರಡು ಬಾರಿ ಉಬ್ಬರವಿಳಿತ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸವನ್ನು ಹೂಳೆತ್ತುವ ಯಂತ್ರಕ್ಕೆ ವಹಿಸಿ, ಕರಾವಳಿಗೆ ಸೇರಬೇಕಿದ್ದ ಮಣ್ಣನ್ನೂ ತಡೆದಂತಾಗುತ್ತದೆ.

ಅಳಿವೆಯ ಪುನಶ್ಚೇತನವೆಂದರೆ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಸಸಿ ನೆಡುವುದೆಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ಎಂದೂ ಕಾಂಡ್ಲಾ ಇರದ, ಹೆಚ್ಚು ಹೊತ್ತು ಮುಳುಗಿರುವ ಕೆಸರುಬಯಲಿನಲ್ಲಿ ನೆಟ್ಟ ಸಸಿಗಳು ಬಹುಪಾಲು ಸಾಯುತ್ತವೆ. ಬದುಕಿದರೆ ಮರುವಾಯಿಯ ಜಾಗ ಹೋಗುತ್ತದೆ. ಮೊದಲು ಒಡ್ಡುಗಳನ್ನು ಸೀಳಿ ಉಬ್ಬರದ ನೀರಿಗೆ ಹಳೆಯ ದಾರಿಯನ್ನು ಬಿಟ್ಟುಕೊಟ್ಟರೆ, ಹತ್ತಿರದಲ್ಲಿ ತಾಯಿಮರಗಳಿರುವ ಕಡೆ ಬೀಜಗಳು ತೇಲಿಬಂದು ತಮಗೊಪ್ಪುವ ಎತ್ತರದಲ್ಲಿ ತಾವೇ ನೆಲೆ ನಿಲ್ಲುತ್ತವೆ.