ಪ್ರಸಾದ ತಿಂತೀರಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಗೌರಿ ಗಣೇಶ ಹಬ್ಬ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಆಮೇಲೆ ಆಯುಧಪೂಜೆ, ದೀಪಾವಳಿ ಮುಗಿಯುವ ತನಕ ಬಿಡಲ್ಲ. "ನೀವು ಕ್ರಿಶ್ಚಿಯನ್ಸ್ ಅಲ್ವಾ, ಪ್ರಸಾದ ತಿಂತೀರಾ?" ಕೆಲವರು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ಕೆಲವರು ಸ್ವಲ್ಪ ನೊಂದುಕೊಂಡೇ ಕೇಳುತ್ತಾರೆ. ಇನ್ನು ನಮ್ಮ ಚರ್ಚಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಗಾಬರಿಯಲ್ಲಿ ಫೋನ್ ಮಾಡುತ್ತಾರೆ: "ಆಂಟಿ, ಆಫೀಸಲ್ಲಿ ಕೈಗೇ ಕೊಟ್ಟುಬಿಟ್ರು, ಏನು ಮಾಡ್ಲಿ?"

ನನ್ನ ಉತ್ತರ ಇಷ್ಟೇ. ಪ್ರಸಾದ ಅಂತ ಹೇಳಿ ಕೊಟ್ಟರೆ ನಾನು ತಿನ್ನಲ್ಲ. ಆದರೆ ನಿಮ್ಮ ಮನೆಗೆ ಊಟಕ್ಕೆ ಕರೆದರೆ ಬರುತ್ತೇನೆ, ಎಲೆಗೆ ಬಡಿಸಿದ್ದನ್ನೆಲ್ಲ ತಿನ್ನುತ್ತೇನೆ, ಒಬ್ಬಟ್ಟಿದ್ದರೆ ಇನ್ನೊಂದು ಹಾಕಿಸಿಕೊಳ್ಳುತ್ತೇನೆ. ಇದೆಂಥ ಎಡಬಿಡಂಗಿ ಉತ್ತರ ಅನ್ನಿಸಬಹುದು. ಆದರೆ ಇದನ್ನು ನಾನು ಕಟ್ಟಿದ್ದಲ್ಲ, ಯೇಸುವಿನ ಸಂದೇಶ ಸಾರಿದ ಪೌಲನಿಂದ, ಬೈಬಲಿನಲ್ಲಿರುವ ಅವನ ಪತ್ರಗಳಿಂದ ಕಲಿತದ್ದು.

ಪ್ರಶ್ನೆ ಹಳೆಯದು, ಸುಮಾರು ಎರಡು ಸಾವಿರ ವರ್ಷದ್ದು. ಕೊರಿಂಥ ಅನ್ನುವುದು ಗ್ರೀಸಿನ ಬಂದರು ಪಟ್ಟಣ. ಅಲ್ಲಿಯ ಕ್ರೈಸ್ತ ಸಭೆಯವರು ಪೌಲನಿಗೆ ಪತ್ರ ಬರೆದು ಇದನ್ನೇ ಕೇಳಿದ್ದರು, ಅವನು ಸುಮಾರು ಕ್ರಿ.ಶ. 55ರಲ್ಲಿ ಎಫೆಸದಿಂದ ಉತ್ತರ ಬರೆದ. ನಮ್ಮ ಕನ್ನಡ ಬೈಬಲಿನಲ್ಲಿ ಆ ಭಾಗಕ್ಕೆ ಬಳಸಿರುವ ಮಾತು 'ನೈವೇದ್ಯ'. ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಅದನ್ನು ಓದಿ, ಪೌಲ ನಮ್ಮ ಬೀದಿಯ ಬಗ್ಗೆಯೇ ಬರೆದಿದ್ದಾನೆ ಅಂದುಕೊಂಡಿದ್ದೆ. ಅಲ್ಲಿ ಮಾತು ಮಾಂಸದ್ದು. ಬಲಿ ಕೊಟ್ಟ ಪ್ರಾಣಿಯ ಸ್ವಲ್ಪ ಭಾಗ ಬಲಿಪೀಠಕ್ಕೆ, ಸ್ವಲ್ಪ ಪೂಜಾರಿಗೆ, ಉಳಿದದ್ದು ಬಲಿ ಕೊಟ್ಟವರ ಊಟಕ್ಕೆ, ಮಿಕ್ಕಿದ್ದು ಎಷ್ಟೋ ಸಲ ಕಟುಕರ ಅಂಗಡಿಗೆ. ಕೊರಿಂಥದಲ್ಲಿ ಅಸ್ಕ್ಲೇಪಿಯಸ್ ದೇವರ ಗುಡಿಯ ಜಾಗ ಅಗೆದಾಗ ಊಟದ ಕೋಣೆಗಳೇ ಸಿಕ್ಕಿವೆ, ಒರಗಿ ಕೂತು ಉಣ್ಣುವ ಮಂಚಗಳ ಸಮೇತ. ಈಜಿಪ್ಟಿನಲ್ಲಿ ಎರಡನೇ ಶತಮಾನದ ಒಂದು ಆಮಂತ್ರಣದ ಚೀಟಿ ಸಿಕ್ಕಿದೆ, ನಾಳೆ ಸೆರಾಪಿಸ್ ದೇವರ ಮೇಜಿನಲ್ಲಿ ಊಟಕ್ಕೆ ಬನ್ನಿ ಅಂತ. ನಮ್ಮಲ್ಲಿ ಛತ್ರ ಇದ್ದ ಹಾಗೆ ಅವರಿಗೆ ದೇವಸ್ಥಾನ. ಅಲ್ಲಿಗೆ ಹೋಗದೆ ನೆಂಟಸ್ತಿಕೆ ಉಳಿಸಿಕೊಳ್ಳುವುದೇ ಕಷ್ಟ.

ಪೌಲ ಮೊದಲು ಧೈರ್ಯವಾಗಿ ತಿನ್ನುವವರ ಪರ ಮಾತಾಡುತ್ತಾನೆ. ದೇವರು ಒಬ್ಬನೇ, ವಿಗ್ರಹದಲ್ಲಿ ಏನೂ ಇಲ್ಲ, ಊಟ ನಮ್ಮನ್ನು ದೇವರ ಹತ್ತಿರಕ್ಕೂ ಒಯ್ಯಲ್ಲ, ದೂರಕ್ಕೂ ತಳ್ಳಲ್ಲ. ಸರಿ, ಹಾಗಾದರೆ ತಿನ್ನಬಹುದಲ್ಲ? ಅಷ್ಟರಲ್ಲಿ ಅವನು ತಿರುಗಿಬೀಳುತ್ತಾನೆ: ಈ ತಿಳಿವಳಿಕೆ ಎಲ್ಲರಿಗೂ ಇಲ್ಲ. ನೇರವಾಗಿ ಆ ಪೂಜೆಯಿಂದಲೇ ಬಂದವರು ತಿಂದರೆ ಅವರ ಮನಸ್ಸು ಅದನ್ನು ಬರೀ ಊಟ ಅಂತ ತೆಗೆದುಕೊಳ್ಳಲ್ಲ. ನನ್ನ ಊಟ ನನ್ನ ಸಹೋದರನನ್ನು ಎಡವಿಸುವುದಾದರೆ ನಾನು ಎಂದಿಗೂ ಮಾಂಸವನ್ನೇ ಮುಟ್ಟುವುದಿಲ್ಲ ಅನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರ, 8ನೇ ಅಧ್ಯಾಯ. ಒಮ್ಮೆ ಪೂರ್ತಿ ಓದಿ, 13 ವಚನ ಅಷ್ಟೇ.

ಇದು ನನಗೆ ಅರ್ಥವಾಗಿದ್ದು ಓದಿ ಅಲ್ಲ, ನಮ್ಮ ಅಜ್ಜಿಯನ್ನು ನೋಡಿ. ಅಜ್ಜಿ ಮದುವೆಯಾದ ಮೇಲೆ ಕ್ರೈಸ್ತ ನಂಬಿಕೆಗೆ ಬಂದವರು. ಹುಟ್ಟಿದ ಮನೆಯಲ್ಲಿ ಮಾರಮ್ಮನಿಗೆ ನಡೆದುಕೊಳ್ಳುತ್ತಿದ್ದರು, ಹರಕೆ, ತಂಬಿಟ್ಟಿನಾರತಿ ಎಲ್ಲ ಕಂಡವರು. ಯಾರಾದರೂ ಪೂಜೆ ಮಾಡಿದ ತೆಂಗಿನಕಾಯಿ ಹೋಳು ತಂದುಕೊಟ್ಟರೆ, ಕುಂಕುಮ ಅಂಟಿದ ಆ ಹೋಳನ್ನು ನಮ್ಮಮ್ಮ ತೊಳೆದು ಚಟ್ನಿಗೆ ತುರಿಯಲು ಕೂತರೆ, ಅಜ್ಜಿ ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದರು. ಜಗಳ ಇಲ್ಲ, ಮಾತಿಲ್ಲ. ನಮಗದು ಕಾಯಿ. ಅವರಿಗೆ ಅದು ಇನ್ನೂ ಅಮ್ಮನವರದ್ದು. ಅದನ್ನು ತಿಂದರೆ ವಾಪಸ್ ಆ ಬಾಗಿಲಿಗೇ ಹೋದಂತೆ. ಅಮ್ಮ ಕೊನೆಗೆ ತುರಿಯುವುದನ್ನೇ ನಿಲ್ಲಿಸಿದರು. ಅಮ್ಮನಿಗೆ 8ನೇ ಅಧ್ಯಾಯ ಬಾಯಿಪಾಠ ಇರಲಿಲ್ಲ, ಅತ್ತೆಯ ಮುಖ ನೋಡಿದ್ದರು ಅಷ್ಟೇ.

ಇನ್ನು 10ನೇ ಅಧ್ಯಾಯ. ಅಲ್ಲಿ ಪೌಲ ಗಟ್ಟಿ ಮಾತಾಡುತ್ತಾನೆ. ಆ ಬಲಿಗಳು ದೇವರಿಗಲ್ಲ, ದೆವ್ವಗಳಿಗೆ ಅನ್ನುತ್ತಾನೆ. ಕರ್ತನ, ಅಂದರೆ ಯೇಸುವಿನ, ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಒಟ್ಟಿಗೆ ಪಾಲು ತೆಗೆದುಕೊಳ್ಳಲಾಗುವುದಿಲ್ಲ ಅನ್ನುತ್ತಾನೆ. ಈ ವಚನ ಇಲ್ಲ ಅಂತ ಮುಚ್ಚಿಡಲ್ಲ. ನೆರೆಯವರ ಮುಖ ನೆನೆದುಕೊಂಡು ಓದಿದಾಗ ನನಗೂ ಕಸಿವಿಸಿಯಾಗುತ್ತದೆ. ಆದರೆ ಒಂದು ವಿಷಯ ಗಮನಿಸಿ. ಈ ಮಾತನ್ನು ಪೌಲ ಸಭೆಯವರಿಗೆ ಬರೆದದ್ದು, ಅವರ ಮನಸ್ಸು ಎರಡು ಕಡೆ ಹಂಚಿಹೋಗಬಾರದು ಅಂತ. ಪಕ್ಕದ ಮನೆಯವರ ಮುಖದ ಮೇಲೆ ಹೇಳಿ ಬನ್ನಿ ಅಂತ ಅಲ್ಲ. ಮೈಕಿನಲ್ಲಿ ಈ ಒಂದೇ ವಚನ ಹಿಡಿದು ಕೂಗುವವರು ಅದರ ಮುಂದಿನ ಸಾಲುಗಳನ್ನು ಓದಿದ್ದಾರಾ ಅಂತ ನನಗೆ ಅನುಮಾನ. ಯಾಕೆಂದರೆ ನಾಲ್ಕೇ ವಚನ ದಾಟಿದರೆ ಅದೇ ಪೌಲ, ಅಂಗಡಿಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ, ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೇಳದೆ ತಿನ್ನಿ ಅನ್ನುತ್ತಾನೆ. ಯಾರಾದರೂ ಇದು ನೈವೇದ್ಯದ್ದು ಅಂತ ಹೇಳಿದರೆ ಮಾತ್ರ ಬೇಡ, ಅದೂ ಹೇಳಿದವನ ಸಲುವಾಗಿ.

'ಹೇಳಿದವನ ಸಲುವಾಗಿ' ಅನ್ನುವುದು ಎಷ್ಟು ನಾಜೂಕಿನ ಮಾತು ಅಂತ ತಿಳಿಯದೆ ನಾನೊಂದು ತಪ್ಪು ಮಾಡಿದ್ದೇನೆ. ಮೊದಲ ಕೆಲಸ, ಮೊದಲ ಆಯುಧಪೂಜೆ. ಕಂಪ್ಯೂಟರಿಗೆಲ್ಲ ವಿಭೂತಿ ಪಟ್ಟೆ, ಬಾಗಿಲಲ್ಲಿ ಒಡೆದ ಬೂದುಗುಂಬಳ. ಪೇಪರ್ ಪೊಟ್ಟಣದಲ್ಲಿ ಕಡ್ಲೆಪುರಿ, ಒಂದು ಲಾಡು, ಬಾಳೆಹಣ್ಣು ಹಂಚಿದರು. ಬೇಡ ಅನ್ನಲು ಧೈರ್ಯ ಇಲ್ಲ, ತಿನ್ನಲು ಮನಸ್ಸಿಲ್ಲ. ನಗುತ್ತಾ ತೆಗೆದುಕೊಂಡೆ, ಟಿಶ್ಯೂನಲ್ಲಿ ಸುತ್ತಿದೆ, ಪ್ಯಾಂಟ್ರಿಯ ಕಸದ ಬುಟ್ಟಿಗೆ ಹಾಕಿದೆ. ತಿರುಗಿದರೆ ಹೌಸ್‌ಕೀಪಿಂಗ್ ಅಕ್ಕ ನಿಂತಿದ್ದಾರೆ. ಅವರು ಏನೂ ಅನ್ನಲಿಲ್ಲ. ಬುಟ್ಟಿಗೆ ಕೈ ಹಾಕಿ ಪೊಟ್ಟಣ ತೆಗೆದು, ಕಣ್ಣಿಗೆ ಒತ್ತಿಕೊಂಡು, ಸೆರಗಿನಲ್ಲಿ ಒರೆಸಿ ತಮ್ಮ ಚೀಲಕ್ಕೆ ಇಟ್ಟುಕೊಂಡರು. ನಾನು ವಿಗ್ರಹಾರಾಧನೆಯಿಂದ ದೂರ ಉಳಿದೆನೋ ಏನೋ, ಆ ಅಕ್ಕನ ಕಣ್ಣಲ್ಲಿ ಮಾತ್ರ ತುಂಬ ಸಣ್ಣವಳಾದೆ.

ನೇರವಾಗಿ ಹೇಳುವುದೇ ಮೇಲು ಅಂತ ಕಲಿತದ್ದು ಅಂದೇ. "ಬೇಜಾರು ಮಾಡ್ಕೋಬೇಡಿ, ನಾನು ತಿನ್ನಲ್ಲ." ಅಷ್ಟು ಸಾಕು. ಹೇಳಿ ನೋಡಿದರೆ ಜನ ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ! ನಮ್ಮ ಪಕ್ಕದ ಮನೆ ಆಂಟಿ ಪ್ರತಿ ಗೌರಿ ಹಬ್ಬಕ್ಕೆ ಸ್ಟೀಲ್ ಡಬ್ಬಿಯಲ್ಲಿ ಕಡುಬು ಕಳಿಸುತ್ತಾರೆ, ಜೊತೆಗೆ ಗೇಟಿನ ಹತ್ತಿರ ನಿಂತು ಹೇಳುತ್ತಾರೆ, "ನೈವೇದ್ಯಕ್ಕೆ ಮೊದ್ಲೇ ನಿಮಗೇಂತ ಎತ್ತಿಟ್ಟಿದ್ದಮ್ಮ, ಧಾರಾಳವಾಗಿ ತಿನ್ನಿ." ದೇವರಿಗೂ ಮೊದಲು ನಮಗೆ! ಮಡಿ ನೋಡುವ ಮನೆಯವರು, ಅವರಿಗೆ ಅದೆಷ್ಟು ಕಷ್ಟದ ಮಾತು ಅಂತ ಯೋಚನೆ ಮಾಡಿ. ಕ್ರಿಸ್‌ಮಸ್ಸಿಗೆ ಅದೇ ಡಬ್ಬಿಯಲ್ಲಿ ಕರ್ಜಿಕಾಯಿ ಹೋಗುತ್ತದೆ, ಕೇಕ್ ಅಲ್ಲ. ಹೊಸ ಎಣ್ಣೆ, ಮೊಟ್ಟೆ ಮುಟ್ಟುವ ಮೊದಲೇ ಕರಿದದ್ದು.

ಇದರ ಇನ್ನೊಂದು ಮಗ್ಗುಲೂ ಇದೆ. ಗೆಳತಿಯೊಬ್ಬಳು ನನ್ನ ಜೊತೆ ಚರ್ಚಿಗೆ ಬಂದಿದ್ದಳು, ಅಂದು ಕರ್ತನ ಭೋಜನ ಇತ್ತು. ಎಲ್ಲರೂ ಮುಂದೆ ಹೋಗಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡರು. ಹೊರಗೆ ಬಂದ ಮೇಲೆ "ನನಗ್ಯಾಕೆ ಕೊಡಲಿಲ್ಲ? ಅದು ನಿಮ್ಮ ಪ್ರಸಾದ ತಾನೇ?" ಅಂದಳು. ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಆದವರಿಗಷ್ಟೇ ಅದು. ಅದರಲ್ಲಿ ಕೈ ಹಾಕುವುದು ಅಂದರೆ ಕ್ರಿಸ್ತನ ದೇಹ ರಕ್ತದಲ್ಲಿ ನನಗೂ ಪಾಲಿದೆ ಅಂತ ಒಪ್ಪಿದ ಹಾಗೆ. ಪೌಲನ ವಾದ ನಿಂತಿರುವುದೂ ಇದರ ಮೇಲೆಯೇ. ಒಬ್ಬರ ಮೇಜಿನಲ್ಲಿ ಉಂಡರೆ ಅವರ ಕಡೆಯವರಾದೆವು. ಅವಳಿಗೆ ಇದನ್ನು ಹೇಳಿದಾಗ, "ಓ, ಅದಕ್ಕೇನಾ ನೀನು ನಮ್ಮದು ತಿನ್ನಲ್ಲ" ಅಂದಳು. ಅಷ್ಟು ಚೆನ್ನಾಗಿ ನನಗೇ ಹೇಳಲು ಬಂದಿರಲಿಲ್ಲ.

ಪೂಜೆಯ ಹೊತ್ತಿಗೆ ಅಲ್ಲಿ ನಿಲ್ಲಬಹುದಾ ಅಂತ ಕೇಳುವವರಿಗೆ ನಾನು ನಾಮಾನನ ಕಥೆ ಹೇಳುತ್ತೇನೆ, ಬೈಬಲಿನ 2 ಅರಸುಗಳು ಪುಸ್ತಕದ 5ನೇ ಅಧ್ಯಾಯ. ಅರಾಮ್ಯರ ಸೇನಾಪತಿ, ಕುಷ್ಠ ವಾಸಿಯಾದ ಮೇಲೆ ಇಸ್ರಾಯೇಲಿನ ದೇವರಿಗೆ ಮಾತ್ರ ಯಜ್ಞ ಮಾಡುತ್ತೇನೆ ಅಂತ ಮಾತು ಕೊಟ್ಟವನು. ಊರಿಗೆ ಹೊರಡುವಾಗ ಅಳುಕುತ್ತಾ ಕೇಳುತ್ತಾನೆ, ನನ್ನ ರಾಜ ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಹಿಡಿದು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ದೇವರು ಕ್ಷಮಿಸಲಿ. ಪ್ರವಾದಿ ಎಲೀಷ ಉಪದೇಶ ಕೊಡಲಿಲ್ಲ, ಸಮಾಧಾನದಿಂದ ಹೋಗು ಅಂದ.

ಹಾಗಂತ ಎಲ್ಲರೂ ನನ್ನ ಹಾಗೇ ಇರಬೇಕಿಲ್ಲ. ನಮ್ಮ ಸಭೆಯಲ್ಲೇ ತಿನ್ನುವವರಿದ್ದಾರೆ, ನೆರೆಯವರು ಕಳಿಸಿದ ಡಬ್ಬಿಯನ್ನು ತೆರೆಯದೆ ಕೆಲಸದವರಿಗೆ ಕೊಡುವವರೂ ಇದ್ದಾರೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತದೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 2ನೇ ಅಧ್ಯಾಯದಲ್ಲಿ ಪೆರ್ಗಮ, ಥುವತೈರದ ಸಭೆಗಳಿಗೆ ಇದೇ ವಿಷಯಕ್ಕೆ ಬೈಗುಳ ಬಿದ್ದಿದೆ, ಅದೂ ನಿಜ. ನಾನು ತಿನ್ನದಿರುವುದಕ್ಕೆ ಅದೂ ಒಂದು ಕಾರಣ, ಅಜ್ಜಿ ಇನ್ನೊಂದು.

ಈಗ ಆಫೀಸಿನಲ್ಲಿ ಯಾರಾದರೂ ತಿರುಪತಿಗೆ ಹೋಗಿ ಬಂದರೆ ಲಡ್ಡು ಪುಡಿ ನನ್ನ ಟೇಬಲಿಗೂ ಬರುತ್ತದೆ. ತಂದವರು ಹೊಸಬರಾದರೆ ಹೇಳುತ್ತೇನೆ, ಹಳಬರಾದರೆ ಹೇಳುವುದೇ ಬೇಡ, ಅವರೇ ನನ್ನ ಪಾಲನ್ನು ಪಕ್ಕದ ಸೀಟಿನವರ ಕೈಗೆ ಹಾಕಿ ಹೋಗುತ್ತಾರೆ. ಅವರೂ ಆಗಲೇ ಕೈ ಚಾಚಿರುತ್ತಾರೆ. ಹೋದ ವರ್ಷ ನನ್ನ ಸೀಟು ಬದಲಾಯಿಸುವ ಮಾತು ಬಂದಾಗ ಅತಿ ಜಾಸ್ತಿ ವಿರೋಧ ಮಾಡಿದವರು ಅವರೇ.