ಗೇಲ್‌ಗೆ ಹೋಗುವವರಿಗೆ: ಸಂತ ಡಿಂಫ್ನಾಳ ಊರು

ಬೆಲ್ಜಿಯಂಗೆ ಹೋದವರಲ್ಲಿ ಬ್ರಸೆಲ್ಸ್, ಬ್ರೂಜ್ ನೋಡಿಕೊಂಡು ವಾಪಸ್ ಬರುವವರೇ ಜಾಸ್ತಿ. ಒಂದು ದಿನ ಗೇಲ್‌ಗೂ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದು ಅವರನ್ನು ನೋಡಿಕೊಂಡವರಂತೂ ಈ ಊರನ್ನು ಬಿಡಲೇಬೇಡಿ. ಆಂಟ್‌ವರ್ಪ್‌ನಿಂದ ರೈಲಿದೆ, ಸುಮಾರು ಒಂದು ಗಂಟೆ ದಾರಿ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮಾರ್ಕೆಟ್ ಚೌಕದಲ್ಲಿ ಕಾಣುವುದು ಸಂತ ಅಮಾಂಡ್ ಚರ್ಚು. ಅದನ್ನೇ ನೋಡಿ ತಿರುಗಬೇಡಿ, ಡಿಂಫ್ನಾಳದು ಬೇರೆ, ಇನ್ನೂ ಸ್ವಲ್ಪ ನಡೆಯಬೇಕು.

ಡಿಂಫ್ನಾ 7ನೇ ಶತಮಾನದ ಐರ್ಲೆಂಡಿನ ರಾಜಕುಮಾರಿ ಅಂತ ಕಥೆ. ಹೆಂಡತಿ ತೀರಿಕೊಂಡ ಮೇಲೆ ಬುದ್ಧಿ ಕೆಟ್ಟ ಅಪ್ಪ, ತಾಯಿಯನ್ನೇ ಹೋಲುತ್ತಿದ್ದ ಮಗಳನ್ನು ಮದುವೆಯಾಗಲು ಹೊರಟ. ಅವಳು ಪಾದ್ರಿಯೊಬ್ಬರ ಜೊತೆ ಸಮುದ್ರ ದಾಟಿ ಇಲ್ಲಿಗೆ ಓಡಿಬಂದಳು. ಅವನು ಹುಡುಕಿಕೊಂಡು ಬಂದು ಮಗಳ ತಲೆ ಕಡಿದ. ಹಾಗಾಗಿ ಅವಳನ್ನು ಮಾನಸಿಕ ಕಾಯಿಲೆಯವರನ್ನು ಕಾಯುವ ಸಂತಳೆಂದು ಜನ ನಂಬಿದರು. ಹಳೆಯ ಮೂರ್ತಿಗಳಲ್ಲಿ ಅವಳ ಕೈಯಲ್ಲಿ ಕತ್ತಿ, ಕಾಲ ಬಳಿ ಸರಪಳಿ ಬಿಗಿದ ದೆವ್ವ ಇರುತ್ತದೆ. ಬುದ್ಧಿ ಕೆಟ್ಟವರಿಗೆ ದೆವ್ವ ಹಿಡಿದಿದೆ ಅನ್ನುವ ನಂಬಿಕೆ ಅಲ್ಲೂ ಇತ್ತು.

ಡಿಂಫ್ನಾಳ ಚರ್ಚಿನ ಕೆಲಸ ಶುರುವಾಗಿದ್ದು 1349ರಲ್ಲಿ. ಅದಕ್ಕೆ ಅಂಟಿಕೊಂಡೇ ರೋಗಿಗಳ ಮನೆ ಇದೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ದೂರದೂರುಗಳಿಂದ ಕರೆತಂದವರನ್ನು ಒಂಬತ್ತು ದಿನ ಇಲ್ಲಿ ಇರಿಸುತ್ತಿದ್ದರು. ಎತ್ತರದಲ್ಲಿಟ್ಟ ಡಿಂಫ್ನಾಳ ಅಸ್ಥಿಪೆಟ್ಟಿಗೆಯ ಕೆಳಗೆ ಅವರು ಮಂಡಿಯೂರಿ ತೆವಳಿ ಸುತ್ತು ಹಾಕಬೇಕಿತ್ತು. ಜನ ಜಾಸ್ತಿಯಾಗಿ ಜಾಗ ಸಾಲದೆ ಹೋದಾಗ ಊರಿನವರೇ ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ವಾಸಿಯಾಗದ ಎಷ್ಟೋ ಮಂದಿ ಹಾಗೇ ಉಳಿದುಬಿಟ್ಟರು, ಹೊಲದಲ್ಲಿ, ಅಡುಗೆಮನೆಯಲ್ಲಿ ಕೈಜೋಡಿಸುತ್ತಾ, ಆ ಮನೆಯ ಮಕ್ಕಳನ್ನು ಆಡಿಸುತ್ತಾ. 1850ರಲ್ಲಿ ಈ ವ್ಯವಸ್ಥೆ ಸರ್ಕಾರದ ಕೈಗೆ ಬಂತು. 1930ರ ದಶಕದ ಕೊನೆಗೆ ಹೀಗೆ ಮನೆಗಳಲ್ಲಿದ್ದವರು 3,700ಕ್ಕೂ ಹೆಚ್ಚು. ಈಗ ತುಂಬಾ ಕಡಿಮೆ, ಆದರೆ ನಿಂತಿಲ್ಲ. 2023ರಲ್ಲಿ ಯುನೆಸ್ಕೋ ಇದನ್ನು ಪರಂಪರೆ ಕಾಪಾಡುವ ಒಳ್ಳೆಯ ಪದ್ಧತಿಗಳ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದು ನಮಗೆ ಗೊತ್ತಿರುವುದೇ. ಇಲ್ಲಿ ಜೊತೆಗಿರುವವರು ನೆಂಟರೂ ಅಲ್ಲ! ನನ್ನನ್ನು ತುಂಬಾ ಕಾಡಿದ ವಿಷಯ ಇದು.

ಇನ್ನೊಂದು ಮುಖ್ಯ ಮಾತು. ಬೀದಿಯಲ್ಲಿ, ಕೆಫೆಯಲ್ಲಿ 'ಇವರಲ್ಲಿ ರೋಗಿ ಯಾರು' ಅಂತ ಹುಡುಕಬೇಡಿ, ಯಾರ ಫೋಟೋನೂ ತೆಗೆಯಬೇಡಿ. ಅವರವರ ಪಾಡಿಗೆ ಕಾಫಿ ಕುಡಿಯುತ್ತಾ ಕೂತಿರುತ್ತಾರೆ, ನೀವೂ ಸುಮ್ನೆ ಕೂತು ಕುಡಿಯಿರಿ. ಹಳೆಯ ಆಸ್ಪತ್ರೆಯೇ ಈಗ ಮ್ಯೂಸಿಯಂ ಆಗಿದೆ, ಕೇಳಬೇಕಾದ್ದನ್ನು ಅಲ್ಲಿ ಕೇಳಿ. ಚರ್ಚು ದಿನವಿಡೀ ತೆರೆದಿರುವುದಿಲ್ಲ, ಊರಿನ ಪ್ರವಾಸಿ ಕಚೇರಿಗೆ ಮೊದಲೇ ಮೇಲ್ ಮಾಡಿ ಸಮಯ ತಿಳಿದುಕೊಳ್ಳಿ. ಡಿಂಫ್ನಾಳ ಹಬ್ಬ ಮೇ 15ಕ್ಕೆ, ಆ ಹೊತ್ತಿಗೆ ಹೋದರೆ ಚೆನ್ನ.

ಕಾಯಿಲೆ ಇರುವವರನ್ನೇ ಹರಕೆ ಹೊತ್ತು ಕರೆದುಕೊಂಡು ಹೋಗುವುದಾದರೆ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಗೇಲ್‌ನಲ್ಲೂ ಇವತ್ತು ಆ ಮನೆಗಳ ಹಿಂದೆ ಡಾಕ್ಟರು, ನರ್ಸುಗಳು ಇದ್ದೇ ಇರುತ್ತಾರೆ. ಮಾತ್ರೆ ಮತ್ತು ಡಾಕ್ಟರ ಚೀಟಿ ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಲಗೇಜಿನಲ್ಲಿ ಬೇಡ.