ಒಂದೇ ಹೊಳೆ, ಎರಡು ಲಂಡನ್: ಅನುವಾದ ಎಲ್ಲಿಗೆ ಬಂತು

ಎರಡು ಪದ್ಯ, ಒಟ್ಟು 30 ಸಾಲು. ಒಂದು ವಾರ ಸಾಕು ಅಂದುಕೊಂಡು ಶುರು ಮಾಡಿದ್ದೆ. ಈಗ ನಾಲ್ಕನೇ ವಾರ.

ಒಂದು, ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ‘ಲಂಡನ್’, 1794ರದ್ದು. ಇನ್ನೊಂದು, ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಕಂಡ ಅದೇ ಊರಿನ ಬಗ್ಗೆ ವರ್ಡ್ಸ್‌ವರ್ತ್ ಬರೆದ ಸುನೀತ (ಹದಿನಾಲ್ಕು ಸಾಲಿನ ಪದ್ಯ), 1802ರದ್ದು. ‘ಲಂಡನ್’ ಬರೆದಾಗ ಬ್ಲೇಕ್ ಇದ್ದದ್ದು ಆ ಊರಿನ ಲ್ಯಾಂಬೆತ್‌ನಲ್ಲಿ. ಆ ಸೇತುವೆಗೆ ಅಲ್ಲಿಂದ ನಡೆದೇ ಹೋಗಬಹುದು.

ಮೊದಲ ವಾರವೆಲ್ಲ ಒಂದೇ ಪದಕ್ಕೆ ಹೋಯಿತು: ‘ಚಾರ್ಟರ್ಡ್’. ಬ್ಲೇಕ್‌ಗೆ ಬೀದಿಯೂ ಚಾರ್ಟರ್ಡ್, ಥೇಮ್ಸ್ ನದಿಯೂ ಚಾರ್ಟರ್ಡ್. ರಾಜ ಸನ್ನದು ಬರೆದುಕೊಟ್ಟು ಯಾರ‍್ಯಾರಿಗೋ ಹಕ್ಕು ಹಂಚಿದ ಊರು ಅಂತ. ‘ಸನ್ನದು’ ಸರಿಯಾದ ಪದವೇ, ಆದರೆ ಓದಿದವರಿಗೆ ಚುಚ್ಚುವುದಿಲ್ಲ. ‘ಖಾತೆಯಾದ ಹೊಳೆ’ ಅಂತ ಬರೆದೆ, ನನಗೇ ನಗು ಬಂತು. ಬೇಸತ್ತು ‘ಕೊಳಕು ಬೀದಿ’ ಅಂತ ಹಾಕಿಬಿಟ್ಟೆ. ಆಮೇಲೆ ಗೊತ್ತಾಯಿತು, ಬ್ಲೇಕ್ ಕೂಡ ತನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲು ಬರೆದದ್ದು ‘ಕೊಳಕು’ ಅಂತಲೇ! ಹೊಡೆದು ಹಾಕಿ ಬದಲಾಯಿಸಿದ್ದ. ಕೊಳಕನ್ನು ತೊಳೆಯಬಹುದು, ಹಕ್ಕುಪತ್ರವನ್ನು ತೊಳೆಯೋಕೆ ಆಗಲ್ಲ ಅಲ್ವಾ? ಸದ್ಯಕ್ಕೆ ಹೀಗಿದೆ:

ಗುತ್ತಿಗೆ ಬೀದಿಯಲಿ ಅಲೆಯುತಿರುವೆ,
ಗುತ್ತಿಗೆ ಥೇಮ್ಸಿನ ದಡದ ಬಳಿ;
ಕಂಡ ಮುಖಗಳಲಿ ಗುರುತಿಸುವೆ
ಸೋಲಿನ ಗುರುತು, ಸಂಕಟದ ಗುರುತು.

ಕೊನೆಯ ಎರಡು ಸಾಲು ಪುಕ್ಕಟೆ ಸಿಕ್ಕವು. ಅವನು ‘ಮಾರ್ಕ್’ ಪದವನ್ನು ಕ್ರಿಯೆಯಾಗಿಯೂ ನಾಮಪದವಾಗಿಯೂ ಆಡಿಸುತ್ತಾನೆ. ನಮ್ಮ ‘ಗುರುತು’ ಆ ಆಟವನ್ನು ತಾನಾಗಿಯೇ ಆಡುತ್ತದೆ. ಅಂತ್ಯಪ್ರಾಸ ಮಾತ್ರ ಕೈಬಿಟ್ಟೆ.

ಆ ಖುಷಿಯಲ್ಲೇ ವರ್ಡ್ಸ್‌ವರ್ತ್‌ಗೆ ಹೋದೆ. ಅಲ್ಲಿ ಅದೇ ನದಿ ತನ್ನಿಷ್ಟ ಬಂದಂತೆ ಹರಿಯುತ್ತದೆ. ಎಂಟೇ ವರ್ಷದ ಅಂತರ! ನದಿಯನ್ನು ಅವನು ‘ಅವನು’ ಅನ್ನುತ್ತಾನೆ. ನಮಗೆ ನದಿ ಅಂದರೆ ತಾಯಿ, ‘ಹರಿವನು’ ಅಂದರೆ ಕಿವಿಗೆ ಒಗ್ಗಲ್ಲ. ‘ಹೊಳೆ ಹರಿದಿದೆ ತನ್ನಿಚ್ಛೆಯಂತೆ’ ಅಂತ ನಪುಂಸಕ ಲಿಂಗದಲ್ಲೇ ಬಚಾವಾದೆ.

ಮೊದಮೊದಲು ವರ್ಡ್ಸ್‌ವರ್ತ್ ಸುಮ್ನೆ ಚೆಂದದ ಚಿತ್ರ ಬರೆದಿದ್ದಾನೆ ಅನ್ನಿಸಿ ಸಿಟ್ಟು ಬಂದಿತ್ತು. ತಂಗಿ ಡೊರೊಥಿಯ ದಿನಚರಿ ಓದಿದ ಮೇಲೆ ಸ್ವಲ್ಪ ಇಳಿಯಿತು. ಶೀರ್ಷಿಕೆಯಲ್ಲಿ ಸೆಪ್ಟೆಂಬರ್ 3 ಅಂತಿದ್ದರೂ ಇಬ್ಬರೂ ಸೇತುವೆ ದಾಟಿದ್ದು ಜುಲೈ 31ರ ಬೆಳಗ್ಗೆ, ಐದೂವರೆ ಆರರ ಹೊತ್ತಿಗೆ, ಡೋವರ್‌ಗೆ ಹೋಗುವ ಕುದುರೆ ಗಾಡಿಯಲ್ಲಿ. ಮನೆಗಳ ಮೇಲೆ ಎಂದಿನ ಹೊಗೆ ಇರಲಿಲ್ಲ ಅಂತ ಅವಳು ಬರೆದಿದ್ದಾಳೆ. ಅಣ್ಣನ ಪದ್ಯದಲ್ಲೂ ‘ಹೊಗೆಯಿಲ್ಲದ ಗಾಳಿ’ ಇದೆ. ಅಂದರೆ ಒಲೆಗಳು ಇನ್ನೂ ಹೊತ್ತಿರಲಿಲ್ಲ. ಬ್ಲೇಕ್‌ನಲ್ಲಿ ಚರ್ಚಿನ ಗೋಡೆ ಕಪ್ಪಾಗುತ್ತಿರುವುದೂ, ಹೊಗೆಗೂಡು ಗುಡಿಸುವ ಹುಡುಗ ಕೂಗುವುದೂ ಆ ಒಲೆಗಳಿಂದಲೇ. ಒಬ್ಬ ಊರು ಏಳುವ ಮುಂಚೆ ದಾಟಿಹೋಗುತ್ತಿದ್ದಾನೆ, ಇನ್ನೊಬ್ಬ ನಡುರಾತ್ರಿಯಲ್ಲೂ ಬೀದಿಯಲ್ಲೇ ಇದ್ದಾನೆ. ಹಾಗಾಗಿ ಎರಡರಲ್ಲೂ ‘ಹೊಗೆ’ ಪದ ಬರುವಂತೆ ತಿದ್ದಿದೆ. ಬ್ಲೇಕ್‌ನ ಮೂಲದಲ್ಲಿ ಹೊಗೆ ಅಂತ ನೇರವಾಗಿ ಇಲ್ಲ, ಗೊತ್ತು. ಈ ಸಲಿಗೆ ನನ್ನದು.

ಪೂರ್ತಿ ಸೋತದ್ದು ಬ್ಲೇಕ್‌ನ ಮೂರನೇ ಚರಣದಲ್ಲಿ. ಅದರ ನಾಲ್ಕು ಸಾಲಿನ ಮೊದಲ ಅಕ್ಷರ ಕೂಡಿಸಿದರೆ ಇಂಗ್ಲಿಷಿನಲ್ಲಿ ‘ಕೇಳು’ ಅಂತಾಗುತ್ತದೆ. ಕನ್ನಡದ ‘ಕೇಳು’ ಎರಡೇ ಅಕ್ಷರ. ಜೊತೆಗೆ ‘ಳು’ ಇಂದ ಯಾವ ಸಾಲು ಶುರುವಾದೀತು? ‘ಕಿವಿಗೊಡು’ ನಾಲ್ಕು ಅಕ್ಷರ, ಲೆಕ್ಕ ಸರಿ. ಮೂರು ಸಾಲು ಹೇಗೋ ಹೊಂದಿದವು, ‘ಡು’ ಹತ್ತಿರ ನಿಂತಿದ್ದೇನೆ.

ಬಾಕಿ ಇರುವ ಇನ್ನೊಂದು ಅವನ ಕೊನೆಯ ಪದ. ಮದುವೆಗೂ ಹೆಣದ ಗಾಡಿಗೂ ಗಂಟು ಹಾಕಿ ಮುಗಿಸುತ್ತಾನೆ. ನಾನು ‘ಮದುವೆಯ ಚಟ್ಟ’ ಅಂತ ಬರೆದಿದ್ದೆ. ಅಮ್ಮ ನೋಡಿ, “ಮನೇಲಿ ಮದುವೆ ಮಾತುಕತೆ ನಡೀತಿದೆ, ಈಗ ಇಂಥದ್ದೆಲ್ಲ ಬರೀಬೇಡ” ಅಂದರು. ಆ ಸಾಲು ಸದ್ಯಕ್ಕೆ ಪೆನ್ಸಿಲ್‌ನಲ್ಲೇ ಇದೆ.